ಜೇಬಿನಲ್ಲಿ ಬಿಳಿ

ಮೂವತ್ತೊಂದು ವರ್ಷ ಈ ರಸ್ತೆಯಲ್ಲೇ
ಟಪಾಲು ವ್ಯಾನು ಓಡಿಸಿದವಳು ನಾನು.
ಹಿಮವೆಂದರೆ ಆಗ ಒಂದೇ ಪ್ರಶ್ನೆ:
ಚಕ್ರ ಹೂತೀತೋ ಇಲ್ಲವೋ.
ಬಣ್ಣ ಯಾವುದೆಂದು ಯಾರಾದರೂ ಕೇಳಿದ್ದರೆ
ಬಿಳಿ, ಮತ್ತೇನು, ಅನ್ನುತ್ತಿದ್ದೆ,
ಅಂಚೆಚೀಟಿಗೆ ನಾಲಿಗೆ ತಾಗಿಸುವಷ್ಟು ಹೊತ್ತೂ ಯೋಚಿಸದೆ.

ಈಗ ಅದೇ ರಸ್ತೆಯ ಅಂಚಿಗೆ ಕಾರು ನಿಲ್ಲಿಸಿ
ಹೀಟರು ಆರಿಸಿ ಕೂತಿದ್ದೇನೆ; ಆರಿಸದಿದ್ದರೆ ಗಾಜು ಬೆವರುತ್ತದೆ.
ತೊಡೆಯ ಮೇಲೆ ಹಲಗೆ, ಹಲಗೆಗೆ ಕಂದು ಕಾಗದ,
ತುದಿ ಕತ್ತರಿಸಿದ ಕೈಗವಸಿನಿಂದ ಇಣುಕುವ ಹತ್ತು ಬೆರಳು.
ಹೊರಗೆ ಸೊನ್ನೆಗಿಂತ ಹತ್ತೊಂಬತ್ತು ಕೆಳಗೆ.
ತೋರ್ನಿಯೊ ನದಿಯಾಚೆ, ಸ್ವೀಡನ್ನಿನ ಗುಡ್ಡದ ಹೆಗಲ ಮೇಲೆ
ಸೂರ್ಯ ಇನ್ನು ಇಪ್ಪತ್ತು ನಿಮಿಷ ಇದ್ದಾನು.

ಎದುರಿಗೆ ಒಂದು ಬಯಲು, ಒಂದು ಹುಲ್ಲಿನ ಕೊಟ್ಟಿಗೆ,
ಮೂರು ಬರ್ಚ್ ಮರ, ರಸ್ತೆ ಬದಿಗೆ ತಾವೆತ್ತಿಯ ಟಪಾಲು ಪೆಟ್ಟಿಗೆ.
ಸರಳವಾದದ್ದರಿಂದ ಶುರುಮಾಡಿ, ಅಂದಿದ್ದಳು
ಸಂಜೆ ತರಗತಿಯ ಸೈಮಿ.
ಸರಳವಂತೆ!
ಮೊದಲ ಹಾಳೆ ಸುಣ್ಣ ಬಳಿದ ಗೋಡೆಯಾಯಿತು,
ಎರಡನೆಯದು ಯಾರೂ ಮಲಗದ ಆಸ್ಪತ್ರೆ ಮಂಚ.
ಮೂರನೆಯದನ್ನು ಒಲೆಗೆ ಹಾಕಿದೆ.
ಅದು ಉರಿದಾಗ ಮಾತ್ರ ಅದರಲ್ಲಿ ಬೆಳಕಿತ್ತು.

ಬಿಳಿ ಬಳಪವನ್ನು ಜೇಬಿಗೆ ಹಾಕಿಕೊಳ್ಳಿ, ಅಂದಳು ಸೈಮಿ,
ಕೇಳಿದರೆ ಮಾತ್ರ ತೆಗೆಯಿರಿ.
ಯಾರು ಕೇಳಿದರೆ?
ಅವಳು ಆಗಲೇ ಪಕ್ಕದವರ ಹಲಗೆಗೆ ಬಾಗಿದ್ದಳು.

ಹಾಗಾಗಿ ಇವತ್ತು ಕಣ್ಣು ಅರೆಮುಚ್ಚಿ ನೋಡುತ್ತೇನೆ,
ದೂರದ ಮನೆಯ ಸಂಖ್ಯೆ ಓದುತ್ತಿದ್ದ ಹಾಗೆ.
ಅರೆ, ನೆಲ ಆಕಾಶಕ್ಕಿಂತ ಕಪ್ಪಗಿದೆ!
ಇಷ್ಟು ವರ್ಷ ಯಾರೂ ಹೇಳಲಿಲ್ಲವಲ್ಲ.
ನೇರಳೆ ಬಳಪವನ್ನು ಅಡ್ಡಡ್ಡ ಮಲಗಿಸಿ ಎಳೆದೆ,
ಅದರ ಮೇಲೆ ಬೂದಿನೀಲಿ,
ಬಿಸಿಲು ಸವರಿಕೊಂಡು ಹೋದಲ್ಲಿ ಏಪ್ರಿಕಾಟ್ ಹಣ್ಣಿನ ತಿಳಿಗೆಂಪು.
ಉಜ್ಜಬಾರದು. ಉಜ್ಜಿದರೆ ಕೆಸರು.
ಕಾಗದದ ಕಂದು ಅಲ್ಲಲ್ಲಿ ಉಸಿರಾಡಲಿ.
ಪುಡಿ ಉದುರುತ್ತದೆ ಸ್ಕರ್ಟಿನ ಮೇಲೆ, ಗೇರಿನ ಮೇಲೆ,
ಒಳಗೂ ಸಣ್ಣಗೆ ಬಣ್ಣದ ಹಿಮ.

ಆದರೂ ಬಯಲು ಬಯಲಾಗಲಿಲ್ಲ.
ಬೆಳಕು ಅದರ ಮೇಲೆ ಜಾರುತ್ತಿತ್ತು,
ಎಣ್ಣೆ ಸವರಿದ ಕಲ್ಲಿನ ಮೇಲೆ ಇರುವೆಯ ಹಾಗೆ.

ಅಷ್ಟರಲ್ಲಿ ತಾವೆತ್ತಿ ಹೊರಟ,
ಕೈಯಲ್ಲಿ ಹಂದಿಕೊಬ್ಬಿನ ತುಂಡು,
ದಾರಿ ಬಿಟ್ಟು, ನೆಟ್ಟಗೆ ನನ್ನ ಬಯಲಿನ ನಡುವೆ!
ಹಾರನ್ ಒತ್ತಿದೆ. ಕೈ ಬೀಸಿದ. ಬಂದೇ ಬಂದ,
ಮೊಣಕಾಲುದ್ದ ಗುಂಡಿ ತೋಡುತ್ತ.
ಟಪಾಲು ಪೆಟ್ಟಿಗೆಯಲ್ಲಿ ಅವನು ಹಕ್ಕಿ ಸಾಕುತ್ತಾನೆ,
ಹಳದಿ ಎದೆಯ ಪುಟಾಣಿಗಳು.
ವಿದ್ಯುತ್ ಬಿಲ್ಲಿನ ಮೇಲೆ ಹಿಕ್ಕೆ ಬಿದ್ದಿದೆಯೆಂದು
ಎಷ್ಟು ಸಲ ಜಗಳವಾಡಿದ್ದೆ, ಸರ್ಕಾರಿ ಟೋಪಿ ತೊಟ್ಟು.
ಮುಚ್ಚಳ ತೆರೆದ, ಕೊಬ್ಬು ಇಟ್ಟ,
ಬಂದ ಗುಂಡಿಗಳಲ್ಲೇ ಕಾಲಿಟ್ಟು ಹಿಂತಿರುಗಿದ.

ಬೈಯಬೇಕೆಂದು ಗಾಜು ಇಳಿಸಿದೆ.
ಬೈಗುಳ ಗಂಟಲಲ್ಲೇ ನಿಂತಿತು:
ಒಂದೊಂದು ಗುಂಡಿಯ ತಳದಲ್ಲೂ ನೀಲಿ,
ಶಾಯಿ ದೌತಿಯ ತಳದಲ್ಲಿ ಉಳಿದಂಥ ನೀಲಿ,
ಅಂಚಿಗೆ ಉಗುರಿನಷ್ಟು ಕಿತ್ತಳೆ.
ಇಷ್ಟು ಹೊತ್ತು ಜಾರುತ್ತಿದ್ದ ಬೆಳಕಿಗೆ
ಕಾಲೂರಲು ತಾವು ಸಿಕ್ಕಿತ್ತು.

ನಾಲ್ಕೇ ನಿಮಿಷ.
ಗುಂಡಿಯ ಹಿಂದೆ ಗುಂಡಿ ಒತ್ತಿದೆ, ಎಣಿಸಲಿಲ್ಲ,
ಬೆರಳು ನನ್ನದೆಂದು ಗೊತ್ತಾಗುತ್ತಿರಲಿಲ್ಲ.
ಕೊನೆಗೆ, ಮುಚ್ಚಳದ ತಗಡು ಒಮ್ಮೆ ಫಳಕ್ ಅಂದಾಗ
ಜೇಬಿಗೆ ಕೈ ಹಾಕಿದೆ.
ಸಾಸಿವೆಯಷ್ಟು ಬಿಳಿ. ಸಾಕು.

ಸೂರ್ಯ ಹೋದ. ಬಯಲು ಸೀಸವಾಯಿತು.
ತಾವೆತ್ತಿ ಕಿಟಕಿಗೆ ಬಂದು ಬಗ್ಗಿ ನೋಡಿದ.
ಅಲ್ಲಿ ಏನೂ ಇಲ್ಲವಲ್ಲ, ಏನು ಬರೀತಿದ್ದೀ?
ನಿನ್ನ ಕಾಲು, ಅಂದೆ.
ಅವನು ತನ್ನ ಬೂಟು ನೋಡಿಕೊಂಡ, ಮತ್ತೆ ಹಾಳೆ,
ಮತ್ತೆ ಬೂಟು.
ಎಡಗಾಲು ಸ್ವಲ್ಪ ಎಳೀತೀನಿ, ಅಲ್ವಾ, ಅಂದ.

ಹೌದು. ಬರೆದದ್ದು ನಾನು, ಗಮನಿಸಿರಲಿಲ್ಲ.
ಮನೆಗೆ ಬಂದಾಗ ಸ್ಟೀರಿಂಗಿನ ಮೇಲೆ ಐದು ನೀಲಿ ಬೆರಳು,
ಕಾಫಿ ಲೋಟದ ಕಿವಿಗೂ.